ನೆಲಸಂಪಿಗೆ ಎದ್ದ ಭಾನುವಾರ

ಗಿಡ ಬೆಳೆಸುವ ವಿಷಯದಲ್ಲಿ ತಿರುಮಲೇಶರ ಖ್ಯಾತಿ ಬನಶಂಕರಿ ಎರಡನೇ ಹಂತವನ್ನು ದಾಟಿ ಗಿರಿನಗರದವರೆಗೂ ಹಬ್ಬಿತ್ತು. ಹಬ್ಬಿಸಿದವನು ಗಿರಿನಗರದಲ್ಲಿದ್ದ ಅವರ ಹೆಂಡತಿಯ ತಮ್ಮ ಮಾಧವ. ತುಳಸಿಯನ್ನು ಅವರು ನೀರು ಹೆಚ್ಚು ಹಾಕಿ ಕೊಂದಿದ್ದರು. ಅದರಿಂದ ಪಾಠ ಕಲಿತು ದಾಸವಾಳವನ್ನು ನೀರು ಹಾಕದೆ ಕೊಂದಿದ್ದರು. ಯಾರು ಏನು ಮಾಡಿದರೂ ಸಾಯದ ಮನಿಪ್ಲಾಂಟು ಅವರ ಪ್ರೀತಿಯನ್ನು ತಾಳಲಾರದೆ ಹೋಗಿಬಿಟ್ಟಿತು. ಕೊನೆಗೆ ಮಾಧವ ಅವರ ಹುಟ್ಟುಹಬ್ಬಕ್ಕೆಂದು ಪ್ಲಾಸ್ಟಿಕ್ಕಿನ ಗಿಡವೊಂದನ್ನು ತಂದುಕೊಟ್ಟ. ಅದಕ್ಕೂ ಸ್ವಲ್ಪ ಬಿಸಿಲು ಕಾಣಲಿ ಎಂದು ತಾರಸಿಯ ಮೇಲಿಟ್ಟು ಕರಗಿಸಿದರು.

ತಿರುಮಲೇಶರು ಅಂಗಡಿಗಳ ತಕ್ಕಡಿ, ತೂಕದ ಕಲ್ಲು ಪರೀಕ್ಷಿಸುವ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹೆಂಡತಿ ವಾರಿಜಾ ಜೊತೆ 'ವಸಂತ ವೈಭವ' ಎಂಬ ಮೂರಂತಸ್ತಿನ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿದ್ದರು. ಆ ಕಟ್ಟಡಕ್ಕೆ ವಸಂತವೂ ಇರಲಿಲ್ಲ, ವೈಭವವೂ ಇರಲಿಲ್ಲ. ಹಿಂದೆ ಒಂದು ಹಿತ್ತಲಿತ್ತು. ಒಂದು ಕಡೆ ಕಟ್ಟಡ, ಇನ್ನೊಂದು ಕಡೆ ಎತ್ತರದ ಗೋಡೆ, ಮೇಲೆ ಪಕ್ಕದ ಕಾಂಪೌಂಡಿನಿಂದ ಬಗ್ಗಿದ ದೊಡ್ಡ ಹಲಸಿನ ಮರ. ಸೂರ್ಯನಿಗೆ ಆ ವಿಳಾಸವೇ ಗೊತ್ತಿರಲಿಲ್ಲ.

ಇಂಥ ಮನುಷ್ಯ ಕಾಡುಹೂವಿನ ಸಹವಾಸಕ್ಕೆ ಬಿದ್ದದ್ದು ನಗೆಯಿಂದ. ಮಳೆಗಾಲದ ಆರಂಭದಲ್ಲಿ ಒಂದು ಬೆಳಿಗ್ಗೆ ಜೆ.ಪಿ. ನಗರದ ಪಾರ್ಕಿನಲ್ಲಿ ನಗೆಕೂಟವಿದೆಯೆಂದು ಯಾರೋ ಹೇಳಿದ್ದರು. ತಿರುಮಲೇಶರು ಹೋಗಿ, ಸುತ್ತ ಕೂತಿದ್ದವರ ನಟ್ಟನಡುವೆ ನಿಂತು, ಎರಡೂ ಕೈ ಮೇಲೆತ್ತಿ 'ಹಹ್ಹಹ್ಹಾ' ಎಂದು ಹೊಟ್ಟೆಯಾಳದಿಂದ ನಕ್ಕರು. ಯಾರೂ ನಗಲಿಲ್ಲ. ಅದು ಗಿಡಗಳನ್ನು ಅದಲುಬದಲು ಮಾಡಿಕೊಳ್ಳುವವರ ಕೂಟ. ಅದನ್ನು ನಡೆಸುತ್ತಿದ್ದ ಹೇಮಶ್ರೀ ಎಂಬ ಹೆಣ್ಣುಮಗಳು ಮಾತ್ರ, ಗಿಡ ಕಂಡು ಇಷ್ಟೊಂದು ಸಂತೋಷಪಡುವವರನ್ನು ಬರಿಗೈಲಿ ಕಳಿಸಬಾರದು ಎಂದು ಒಂದಿಷ್ಟು ಗೆಡ್ಡೆಗಳನ್ನು ಅವರ ಚೀಲಕ್ಕೆ ಹಾಕಿದಳು.

"ನೆಲಸಂಪಿಗೆ ಸಾರ್. ಕಾಡಲ್ಲಿ ಮರಗಳ ಕೆಳಗೆ ಬೆಳೆಯೋದು. ಬಿಸಿಲು ಬೇಡ, ನೆರಳು ಬೇಕು. ಚಳಿಗಾಲದಲ್ಲಿ ಎಲೆ ಎಲ್ಲ ಒಣಗಿ ಮಣ್ಣೊಳಗೆ ಮಲಗಿಬಿಡತ್ತೆ, ಸತ್ತೋಯ್ತು ಅನ್ಕೋಬೇಡಿ. ಆಗ ನೀರು ಹಾಕಲೇಬೇಡಿ, ಕೊಳೆಯುತ್ತೆ. ಬೇಸಿಗೆ ಮಳೆ ಬಿದ್ದಾಗ ಮೊದಲು ಹೂವು ಏಳತ್ತೆ, ಆಮೇಲೆ ಎಲೆ."

ಬಿಸಿಲು ಬೇಡ ಎಂಬ ಮಾತು ಕೇಳಿ ತಿರುಮಲೇಶರಿಗೆ ರೋಮಾಂಚನವಾಯಿತು. ಅವರ ಬಳಿ ಹೇರಳವಾಗಿದ್ದ ಒಂದೇ ಸಂಪತ್ತು ನೆರಳು. ಹಿತ್ತಲಿನಲ್ಲಿ ಬಿದ್ದಿದ್ದ ಒಡೆದ ಕಮೋಡು, ಚಕ್ರವಿಲ್ಲದ ಸೈಕಲ್ಲು ಎಲ್ಲ ಎತ್ತಿಸಿ, ಹಲಸಿನ ತರಗೆಲೆ ಬೆರೆಸಿ, ಗೆಡ್ಡೆಗಳನ್ನು ಹೂತರು. ಆಶ್ಚರ್ಯವೆಂದರೆ ಎಲೆಗಳು ಬಂದವು. ಅಗಲವಾದ, ಕೆಳಗಡೆ ನೇರಳೆ ಬಣ್ಣ ಬಳಿದಂಥ ಎಲೆಗಳು. ಜೀವಮಾನದಲ್ಲಿ ಮೊದಲ ಬಾರಿಗೆ ತಿರುಮಲೇಶರು ಮುಟ್ಟಿದ್ದು ಹಸಿರಾಗಿತ್ತು.

ದೀಪಾವಳಿ ಕಳೆದ ಮೇಲೆ ದಂಪತಿಗಳು ಮೈಸೂರಿನ ಮಗಳ ಮನೆಗೆ ಹೋದರು. ಅಪಾರ್ಟ್‌ಮೆಂಟ್ ಸಂಘದ ಸಭೆಯ ದಿನ ಬೆಳಿಗ್ಗೆಯಷ್ಟೇ ಹಿಂತಿರುಗಿದರು. ಹಿತ್ತಲ ಕಡೆ ಇಣುಕಲು ಸಮಯವಾಗಲಿಲ್ಲ. ಆ ಒಂದು ಇಣುಕು ಹಾಕಿದ್ದರೆ ಈ ಕಥೆಯೇ ನಡೆಯುತ್ತಿರಲಿಲ್ಲ.

ಸಂಘದ ಕಾರ್ಯದರ್ಶಿ ಗಂಗಾಧರಯ್ಯ. ಕಟ್ಟಡಕ್ಕೆ ಸುಣ್ಣ ಬಳಿದ ದಿನದಿಂದಲೂ ಅವರೇ ಕಾರ್ಯದರ್ಶಿ. ಅವರನ್ನು ಆರಿಸಿದ್ದು ಯಾರು ಎಂಬುದು ಯಾರ ನೆನಪಿನಲ್ಲೂ ಇಲ್ಲ.

"ಹಿಂದಿನ ಜಾಗ ಸುಮ್ನೆ ವೇಸ್ಟ್ ಆಗ್ತಿದೆ. ಕಾಂಕ್ರೀಟ್ ಹಾಕಿಸಿ ಸ್ಕೂಟರ್ ಪಾರ್ಕಿಂಗ್ ಮಾಡೋಣ" ಎಂದರು ಗಂಗಾಧರಯ್ಯ. "ಅಲ್ಲಿ ಪಾಚಿ ಬಿಟ್ರೆ ಏನೂ ಬೆಳೆಯಲ್ಲ. ನಮ್ಮ ತಿರುಮಲೇಶ್ ಕೈ ಹಾಕಿದ್ಮೇಲೆ ಪಾಚಿನೂ ಬೆಳೆಯೋದು ಡೌಟು!"

ಸಭೆ ಗೊಳ್ಳೆಂದು ನಕ್ಕಿತು. ತಿರುಮಲೇಶರು ಎದ್ದು ನಿಂತರು. 'ನಾಲ್ಕು ಗಿಡ ಹಾಕಿದ್ದೀನಿ' ಎಂದು ಹೇಳಬೇಕೆಂದಿದ್ದರು. ನಾಲಿಗೆ ಮಾತ್ರ ಬೇರೆ ದಾರಿ ಹಿಡಿಯಿತು.

"ಅಲ್ಲಿ ನನ್ನ ವನ ಇದೆ!"

ಎಲ್ಲರ ತಲೆಗಳೂ ಅವರ ಕಡೆ ತಿರುಗಿದವು. ಆ ಗಮನ ತಿರುಮಲೇಶರ ತಲೆಗೇರಿತು. "ನಮ್ಮ ನಾಡಿನ ದಟ್ಟ ಕಾಡಲ್ಲಿ ಬೆಳೆಯೋ ಹೂವು. ಬಿಸಿಲು ಸೋಕಿದ್ರೆ ಸಹಿಸಲ್ಲ. ಗೊತ್ತಿರೋರು ದೂರದಿಂದ ಬಂದು ನೋಡ್ಕೊಂಡು ಹೋಗೋ ಅಂಥದ್ದು. ಬನ್ನಿ, ಈಗಲೇ ತೋರಿಸ್ತೀನಿ!"

ಇಡೀ ಸಭೆ ಎದ್ದು ಹಿತ್ತಲಿಗೆ ಹೊರಟಿತು. ಮುಂದೆ ತಿರುಮಲೇಶರು, ದಿಗ್ವಿಜಯಕ್ಕೆ ಹೊರಟ ಅರಸರಂತೆ.

ಹಿತ್ತಲಲ್ಲಿ ಮಣ್ಣಿತ್ತು. ಮಣ್ಣಿನ ಮೇಲೆ ಒಂದು ಕಾಗೆ ಇತ್ತು. ಜನರನ್ನು ಕಂಡು ಕಾಗೆಯೂ ಹಾರಿಹೋಯಿತು.

"ಎಲ್ರೀ ವನ?" ಎಂದರು ಗಂಗಾಧರಯ್ಯ.

ತಿರುಮಲೇಶರು ನೆಲ ತೋರಿಸಿದರು. "ಕೆಳಗಿದೆ."

"ಕೆಳಗೆ ಅಂದ್ರೆ? ಬೇಸ್‌ಮೆಂಟಲ್ಲಾ?"

"ಮಣ್ಣೊಳಗೆ. ಮಲಗಿದೆ."

"ಯಾವಾಗ ಏಳತ್ತೆ?"

"ಬೇಸಿಗೆ ಮಳೆ ಬಿದ್ಮೇಲೆ."

ಎರಡನೇ ಮಹಡಿಯ ಗೋವಿಂದಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡರು. ನಗುವಿಗೋ ಗಾಬರಿಗೋ ಅವರಿಗೇ ತಿಳಿಯದು. ಗಂಗಾಧರಯ್ಯ ದೊಡ್ಡ ಮನಸ್ಸು ಮಾಡಿದರು. "ಆಯ್ತಪ್ಪ, ಯುಗಾದಿವರೆಗೂ ಮಲಗಿಸ್ಕೊಳ್ಳಿ. ಯುಗಾದಿ ಕಳೆದ ಭಾನುವಾರ ನಿಮ್ಮ ವನದ ಮೇಲೆ ಕಾಂಕ್ರೀಟ್ ಹೊದಿಸ್ತೀನಿ. ಬೆಚ್ಚಗೆ ಮಲಗಲಿ."

ಅಲ್ಲಿಂದ ತಿರುಮಲೇಶರ ತಪಸ್ಸು ಶುರುವಾಯಿತು. ನೀರು ಹಾಕಬಾರದು ಎಂಬುದು ಅವರಿಗೆ ಚೆನ್ನಾಗಿ ನೆನಪಿತ್ತು. ಆದರೆ ಗಿಡ ನೋಡಿಕೊಳ್ಳುವವನು ನೀರು ಹಾಕದೆ ಇನ್ನೇನು ಮಾಡಬೇಕು ಎಂಬುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಪ್ರತಿದಿನ ಬೆಳಿಗ್ಗೆ ಕ್ಯಾನಿನ ತುಂಬ ನೀರು ತುಂಬಿಕೊಂಡು ಹೋಗಿ, ಬರಿ ಮಣ್ಣಿನ ಮುಂದೆ ನಿಂತು, ಆಸೆಯನ್ನು ಗೆದ್ದು, ತುಂಬಿದ ಕ್ಯಾನಿನೊಂದಿಗೆ ವಾಪಸು ಬರುತ್ತಿದ್ದರು.

ಇದನ್ನೆಲ್ಲ ಗೋವಿಂದಮ್ಮ ಮೇಲಿನ ಬಾಲ್ಕನಿಯಿಂದ, ಬಟ್ಟೆ ಒಣಗಿಸುವ ನೆಪದಲ್ಲಿ ನೋಡುತ್ತಿದ್ದರು. ಆ ಚಳಿಗಾಲದಲ್ಲಿ ಅವರಷ್ಟು ಬಟ್ಟೆ ಒಣಗಿಸಿದವರು ಬೆಂಗಳೂರಿನಲ್ಲೇ ಇರಲಿಕ್ಕಿಲ್ಲ. ತಿರುಮಲೇಶರು ಮಂಡಿಯೂರಿ ಮಣ್ಣನ್ನು ಮೂಸುವುದನ್ನು ನೋಡಿದರು. ಮಣ್ಣಿಗೆ ಕಿವಿಯಿಟ್ಟು ಆಲಿಸುವುದನ್ನು ನೋಡಿದರು. ಪಕ್ಕದ ರಸ್ತೆಯಲ್ಲಿ ಡ್ರಿಲ್ಲಿಂಗ್ ಮಾಡುತ್ತಿದ್ದವರ ಬಳಿ ಹೋಗಿ "ಸ್ವಲ್ಪ ಮೆಲ್ಲಗೆ ಮಾಡಿ, ಮಲಗಿದಾವೆ" ಎಂದು ಕೈಮುಗಿದು ಬಂದ ಸುದ್ದಿಯನ್ನೂ ಸಂಪಾದಿಸಿದರು. ಒಂದು ಮಧ್ಯಾಹ್ನವಂತೂ ತಿರುಮಲೇಶರು ನೆಲಕ್ಕೆ ಬಾಗಿ, "ಏಳ್ರಮ್ಮಾ, ಸಾಕು ನಿದ್ದೆ. ಗಂಗಾಧರಯ್ಯ ಬಂದ್ಬಿಡ್ತಾನೆ" ಎಂದು ಗದ್ಗದಿತರಾದದ್ದು ಸ್ಪಷ್ಟವಾಗಿ ಕೇಳಿಸಿತು.

ಗೋವಿಂದಮ್ಮ ಒದ್ದೆ ಬಟ್ಟೆ ಅಲ್ಲೇ ಬಿಟ್ಟು ಕೆಳಗಿಳಿದು ಬಂದರು.

"ವಾರಿಜಾ, ತಪ್ಪು ತಿಳ್ಕೋಬೇಡಿ. ಯಜಮಾನ್ರು ಹುಷಾರಾಗಿದಾರಾ?"

"ಯಾಕ್ರೀ? ಬೆಳಿಗ್ಗೆ ಆರು ಇಡ್ಲಿ ತಿಂದ್ರಲ್ಲ!"

"ಹೊಟ್ಟೆ ವಿಷಯ ಅಲ್ಲಮ್ಮ" ಎಂದು ಗೋವಿಂದಮ್ಮ ತೋರುಬೆರಳನ್ನು ಹಣೆಯ ಪಕ್ಕಕ್ಕೆ ಒಯ್ದು, ಅಲ್ಲಿ ಒಂದು ಸುತ್ತು ಹಾಕಿದರು. "ಹಿತ್ತಲಲ್ಲಿ ಯಾರ ಜೊತೆನೋ ಮಾತಾಡ್ತಾರೆ. ಅಲ್ಲಿ ಯಾರೂ ಇಲ್ಲ. ನಮ್ಮ ದೊಡ್ಡಪ್ಪನಿಗೂ ಹೀಗೇ ಶುರುವಾಗಿದ್ದು."

ವಾರಿಜಾ ಕಣ್ಣೊರೆಸಿಕೊಂಡು ತಮ್ಮ ಮಾಧವನಿಗೆ ಫೋನ್ ಮಾಡಿದರು. ಮಾಧವ ಔಷಧ ಕಂಪನಿಯ ಪ್ರತಿನಿಧಿ. ಕಾಲಿನ ಕಿರುಬೆರಳಿನಿಂದ ಹಿಡಿದು ನೆತ್ತಿಯವರೆಗೆ ಪ್ರತಿಯೊಂದು ಅಂಗಕ್ಕೂ ಅವನಿಗೆ ಒಬ್ಬೊಬ್ಬ ಡಾಕ್ಟರು ಪರಿಚಯ.

"ಅಕ್ಕ, ನೀನು ಅಳಬೇಡ. ಸಖತ್ ಡಾಕ್ಟರ್ ಒಬ್ರು ಇದಾರೆ, ಮೈತ್ರೇಯಿ ಅಂತ. ಆದ್ರೆ ಮೆಂಟಲ್ ಡಾಕ್ಟರ್ ಅಂದ್ರೆ ಭಾವ ರೇಗ್ತಾರೆ. ಗಿಡ ನೋಡೋಕೆ ಬಂದಿದಾರೆ ಅಂತ ಹೇಳೋಣ."

ಗ್ರಹಚಾರ ನೋಡಿ. ಅದೇ ವಾರ ತಿರುಮಲೇಶರೂ ಕಂಗಾಲಾಗಿ, ಸಸ್ಯತಜ್ಞರೊಬ್ಬರನ್ನು ಕಳಿಸಿಕೊಡಿ ಎಂದು ಕಂಡಕಂಡ ಕಡೆಗೆಲ್ಲ ಫೋನ್ ಮಾಡಿದ್ದರು. ಹಾಗಾಗಿ ಮಾಧವ ಒಬ್ಬ ಶಾಂತ ಮುಖದ ಹೆಂಗಸನ್ನು ಕರೆತಂದು "ಇವರು ಡಾಕ್ಟರ್ ಮೈತ್ರೇಯಿ, ನಿಮ್ಮ ಗಿಡದ ವಿಷಯ ತಿಳ್ಕೊಳ್ಳೋಕೆ ಬಂದಿದಾರೆ" ಎಂದಾಗ ತಿರುಮಲೇಶರಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ಗಿಡಗಳಲ್ಲಿ ಡಾಕ್ಟರೇಟ್ ಮಾಡಿದವರು ಎಂದು ತಿಳಿದು, ಹಿತ್ತಲಿಗೆ ಕರೆದೊಯ್ದು, ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರು. ವಾರಿಜಾ ಮತ್ತು ಮಾಧವ ಗೋಡೆಗೆ ಒರಗಿ ನಿಂತರು. ಮೇಲೆ ಬಾಲ್ಕನಿಯಲ್ಲಿ ಒಂದು ಸೀರೆ ಬಹಳ ಹೊತ್ತಿನಿಂದ ಹಿಂಡಿಸಿಕೊಳ್ಳುತ್ತಿತ್ತು.

"ಹೇಳಿ ಸಾರ್, ಯಾವಾಗಿಂದ ಹೀಗೆ?" ಎಂದು ಮೈತ್ರೇಯಿ ಮೃದುವಾಗಿ ಕೇಳಿದರು.

"ಕಾರ್ತೀಕದಿಂದ ಮೇಡಂ. ಮೊದಲು ಸ್ವಲ್ಪ ಹಳದಿ ಆಯ್ತು. ಮೈಸೂರಿಂದ ಬರೋಷ್ಟರಲ್ಲಿ ಶಕ್ತಿ ಎಲ್ಲ ಹೋಗಿ ಸೊರಗಿ ಬಿದ್ದುಬಿಟ್ಟಿತ್ತು."

"ನಿದ್ದೆ ಹೇಗೆ?"

"ನಿದ್ದೆಗೇನೂ ಕೊರತೆ ಇಲ್ಲ. ಅವತ್ತು ಮಲಗಿದ್ದು ಇವತ್ತಿನವರೆಗೂ ಎದ್ದಿಲ್ಲ."

ಡಾಕ್ಟರು ಕಣ್ಣು ಮಿಟುಕಿಸಿದರು. "ಊಟ?"

"ಏನೂ ಇಲ್ಲ. ನೀರೂ ಇಲ್ಲ. ಒಂದು ಲೋಟ ಕೊಟ್ರೂ ಕೊಳೆತು ಹೋಗೋ ಪರಿಸ್ಥಿತಿ."

"ಮೇಡಂ, ಸುಳ್ಳು! ಇವತ್ತೂ ಮೂರು ದೋಸೆ ತಿಂದಿದಾರೆ!" ಎಂದು ವಾರಿಜಾ ಗೋಡೆಯ ಕಡೆಯಿಂದ ಕೂಗಿದರು. ಗಿಡದ ವಿಷಯಕ್ಕೂ ದೋಸೆಗೂ ಏನು ಸಂಬಂಧವೆಂದು ತಿರುಮಲೇಶರು ಹೆಂಡತಿಯನ್ನು ಕನಿಕರದಿಂದ ನೋಡಿದರು.

"ವಂಶದಲ್ಲಿ ಯಾರಿಗಾದ್ರೂ ಹೀಗೆ ಇದೆಯಾ?"

"ವಂಶವೇ ಹೀಗೆ ಮೇಡಂ! ಶುಂಠಿ, ಅರಿಶಿನ, ಎಲ್ಲ ಚಳಿಗಾಲದಲ್ಲಿ ಮಣ್ಣೊಳಗೆ ಮಲಗೋರೇ."

"ಒಬ್ಬರೇ ಇರ್ಬೇಕು ಅನ್ಸತ್ತಾ?"

"ಛೆ ಛೆ, ಒಬ್ಬೊಬ್ಬರೇ ಇದ್ರೆ ಆಗಲ್ಲ. ಗುಂಪಾಗಿ, ಒತ್ತೊತ್ತಾಗಿ ಇದ್ರೇನೇ ಖುಷಿ. ಬೆಳಕು ಮಾತ್ರ ಜಾಸ್ತಿ ಆಗ್ಬಾರ್ದು."

ಮೈತ್ರೇಯಿ ಬಹಳ ಜೋಪಾನವಾಗಿ ಕೊನೆಯ ಪ್ರಶ್ನೆ ಕೇಳಿದರು. "ಏಳದೇ ಇದ್ರೆ ಏನ್ಮಾಡ್ತೀರಾ ಸಾರ್?"

"ಏಳತ್ತೆ ಮೇಡಂ. ಒಂದು ಮಳೆ ಬೀಳಲಿ. ಹಲಸಿನ ಮರದ ಕೆಳಗೆ ನಿಂತ್ಕೊಂಡು ನೀವೇ ನೋಡ್ತೀರಿ, ನೆಲ ಬಾಯಿ ಬಿಟ್ಟು ಹೂವಾಗತ್ತೆ."

ಎಷ್ಟೋ ಜನರ ಮನಸ್ಸನ್ನು ಕಂಡಿದ್ದ ಮೈತ್ರೇಯಿಗೆ ಈ ಮನುಷ್ಯನ ಕಾಯಿಲೆ ಏನೆಂದು ತಿಳಿಯಲಿಲ್ಲ. ಕಾಯಿಲೆಯಿದೆಯೇ ಎಂಬುದೇ ಅನುಮಾನವಾಯಿತು. ಹೊರಡುವಾಗ ಒಂದಿಷ್ಟು ವಿಟಮಿನ್ ಮಾತ್ರೆ ಕೊಟ್ಟು, "ದಿನಾ ಒಂದು ಹಾಕಿ. ಯುಗಾದಿ ಆದ್ಮೇಲೆ ಬಂದು ನೋಡ್ತೀನಿ" ಎಂದರು. ತಿರುಮಲೇಶರು ಭಕ್ತಿಯಿಂದ ತೆಗೆದುಕೊಂಡು, ದಿನಕ್ಕೊಂದರಂತೆ ಮಣ್ಣಿಗೆ ಹಾಕಿದರು. ಡಾಕ್ಟರು ಕೊಟ್ಟ ಗೊಬ್ಬರ!

ಯುಗಾದಿ ಬಂತು, ಹೋಯಿತು. ಮಳೆ ಬರಲಿಲ್ಲ. ಶನಿವಾರ ಗಂಗಾಧರಯ್ಯ ಸಿಮೆಂಟ್ ಮೂಟೆಗಳನ್ನು ತರಿಸಿ ಹಿತ್ತಲ ಮೂಲೆಯಲ್ಲಿ ಪೇರಿಸಿದರು. "ಇನ್ನೂ ಎದ್ದಿಲ್ವಾ? ನಾಳೆ ನಾನೇ ಎಬ್ಬಿಸ್ತೀನಿ" ಎಂದು ನಗುತ್ತ ಮೇಲೆ ಹೋಗಿ, ಉಂಡು ಮಲಗಿದರು.

ಆ ಮಧ್ಯಾಹ್ನ ಬನಶಂಕರಿಯ ಮೇಲೆ ಆಕಾಶ ಕಪ್ಪಿಟ್ಟಿತು. ಗಾಳಿ ಎದ್ದಿತು. ತಗಡಿನ ಶೀಟುಗಳ ಮೇಲೆ ಆಲಿಕಲ್ಲು ತಮಟೆ ಬಾರಿಸಿತು. ಬೇಸಿಗೆಯ ಮೊದಲ ಮಳೆ ವಸಂತ ವೈಭವದ ಮೇಲೆ ಧೋ ಎಂದು ಸುರಿಯಿತು. ತಿರುಮಲೇಶರು ಬನಿಯನ್ನಿನಲ್ಲೇ ಹಿತ್ತಲಿಗೆ ಓಡಿ, ಕೈಯೆತ್ತಿ ಕುಣಿಯತೊಡಗಿದರು. ನಿದ್ದೆಗಣ್ಣಿನಲ್ಲಿ ಬಾಲ್ಕನಿಗೆ ಬಂದ ಗಂಗಾಧರಯ್ಯ "ಟಾರ್ಪಾಲ್! ಟಾರ್ಪಾಲ್!" ಎಂದು ಕೂಗಿದರು. ಕೆಳಗಿದ್ದ ತಿರುಮಲೇಶರು ಅದನ್ನು ಪ್ರೋತ್ಸಾಹದ ಮಾತೆಂದು ತಿಳಿದು ಇನ್ನೂ ಜೋರಾಗಿ ಕುಣಿದರು. ಮಳೆ ನಿಲ್ಲುವ ಹೊತ್ತಿಗೆ ಸಿಮೆಂಟೆಲ್ಲ ನೆನೆದಿತ್ತು. ಮರುದಿನ ಅದು ಕಲ್ಲಾಗಿತ್ತು.

"ಮುಂದಿನ ಭಾನುವಾರ!" ಎಂದು ಗಂಗಾಧರಯ್ಯ ಹಲ್ಲು ಕಡಿದರು.

ಸೋಮವಾರ ಏನೂ ಏಳಲಿಲ್ಲ. ಮಂಗಳವಾರವೂ ಇಲ್ಲ. ಗುರುವಾರದ ಹೊತ್ತಿಗೆ ತಿರುಮಲೇಶರು ಕ್ಯಾನು ಹಿಡಿಯುವುದನ್ನೂ ಬಿಟ್ಟು, ಕುರ್ಚಿ ಹಾಕಿಕೊಂಡು ಮಣ್ಣಿನ ಎದುರು ಕೂತುಬಿಟ್ಟರು. ವಾರಿಜಾ ಎರಡು ಲೋಟ ಕಾಫಿ ತಂದು ಪಕ್ಕದಲ್ಲಿ ಕೂತರು.

"ಬರದೇ ಇದ್ರೆ?"

"ಬರದಿದ್ರೆ ಸ್ಕೂಟರ್ ನಿಲ್ಲಿಸ್ತಾರೆ."

ವಾರಿಜಾ ಗಂಡನ ಮುಖವನ್ನು ನೋಡಿದರು. ಅದರಲ್ಲಿ ಹುಚ್ಚೇನೂ ಕಾಣಲಿಲ್ಲ, ಬೇಸರ ಕಂಡಿತು. "ನಿಮ್ಮ ಕೈಗೆ ಸಿಕ್ಕಿದ್ದನ್ನೆಲ್ಲ ಏನಾದ್ರೂ ಮಾಡಿ ಸಾಯಿಸ್ತಿದ್ರಿ. ಇದೊಂದನ್ನ ಏನೂ ಮಾಡದೆ ಕಾದಿದೀರ. ಬಂದೇ ಬರತ್ತೆ, ಕಾಫಿ ಕುಡೀರಿ" ಎಂದರು.

ಭಾನುವಾರ ಬೆಳಿಗ್ಗೆ ಮೊದಲು ಕಂಡದ್ದು ಗೋವಿಂದಮ್ಮನಿಗೆ. ಬಟ್ಟೆಯ ಬಕೆಟ್ಟಿನೊಂದಿಗೆ ಬಾಲ್ಕನಿಗೆ ಬಂದವರು ಕೆಳಗೆ ನೋಡಿ, "ಅಯ್ಯೋ, ಯಾರ್ರೀ ಇಷ್ಟೊಂದು ಹೂವು ಚೆಲ್ಲಿರೋದು!" ಎಂದು ಇಡೀ ಕಟ್ಟಡ ಏಳುವಂತೆ ಕೂಗಿದರು.

ತಿರುಮಲೇಶರು ಲುಂಗಿ ಎತ್ತಿಕಟ್ಟಿಕೊಂಡು ಓಡಿದರು. ಒದ್ದೆ ತರಗೆಲೆಗಳ ನಡುವೆ, ಎಲೆಯಿಲ್ಲದೆ, ಕಾಂಡವಿಲ್ಲದೆ, ನೆಲದಿಂದ ನೇರವಾಗಿ ಹೂಗಳು ಎದ್ದು ನಿಂತಿದ್ದವು. ತೆಳ್ಳನೆಯ ಬಿಳಿ ಎಸಳು, ಅದರ ಕೆಳಗೆ ಚಿಟ್ಟೆ ರೆಕ್ಕೆ ಬಿಚ್ಚಿದಂತೆ ನೇರಳೆ ಎಸಳು. ಹಲಸಿನ ನೆರಳಿನ ತುಂಬ ಯಾರೋ ದೇವರ ಮನೆ ಬಾಗಿಲು ತೆರೆದಂಥ ಪರಿಮಳ. ಹಿಂದೆಯೇ ಬಂದ ವಾರಿಜಾ ಗಂಡನ ಕೈ ಹಿಡಿದುಕೊಂಡು ನಿಂತರು.

ಜನ ಇಳಿದು ಬಂದರು. ಹೊಸ ಸಿಮೆಂಟಿನೊಂದಿಗೆ ಗಂಗಾಧರಯ್ಯ ಬಂದರು. ಮಾತು ಕೊಟ್ಟಂತೆ ಮೈತ್ರೇಯಿಯನ್ನು ಕರೆದುಕೊಂಡು ಮಾಧವನೂ ಬಂದ.

"ಮೋಸ!" ಎಂದರು ಗಂಗಾಧರಯ್ಯ. "ಎಲೆ ಇಲ್ಲ, ಗಿಡ ಇಲ್ಲ, ಹೂವು ಮಾತ್ರ ಹೆಂಗ್ರೀ ಬರತ್ತೆ? ಗಾಂಧಿ ಬಜಾರಿಂದ ತಂದು ಚುಚ್ಚಿದೀರ! ಈಗ ಕಿತ್ತು ತೋರಿಸ್ತೀನಿ ನೋಡಿ!"

"ಗಂಗಾಧರಯ್ಯಾ!"

ಆ ಗರ್ಜನೆ ತಿರುಮಲೇಶರದ್ದು ಎಂದು ತಿಳಿಯಲು ಎಲ್ಲರಿಗೂ ಸ್ವಲ್ಪ ಸಮಯ ಹಿಡಿಯಿತು. "ಮುಟ್ಟಿದ್ರೆ ನೋಡಿ! ಅನುಮಾನ ಇದ್ರೆ ಬಗ್ಗಿ ಮೂಸಿ. ಬುಡ ನೋಡಿ. ಕೈ ಮಾತ್ರ ಹಾಕ್ಬೇಡಿ!"

ಗಂಗಾಧರಯ್ಯ ತಬ್ಬಿಬ್ಬಾದರು. ಆದರೂ ಕಾರ್ಯದರ್ಶಿಯ ಗತ್ತಿನಿಂದ ಮಂಡಿಯೂರಿ, ಎರಡೂ ಕೈ ನೆಲಕ್ಕೂರಿ, ಮೂಗನ್ನು ಹೂವಿನ ಬುಡದವರೆಗೂ ಇಳಿಸಿದರು. ಬುಡ ನಿಜವಾಗಿಯೂ ಮಣ್ಣಿನೊಳಗಿತ್ತು. ಪರಿಮಳ ನಿಜವಾಗಿಯೂ ತಲೆಗೇರಿತು. "ಆಹಾ" ಎಂಬ ಉದ್ಗಾರ ಅವರಿಗೇ ಅರಿವಿಲ್ಲದೆ ಹೊರಟಿತು. ಅದರ ಹಿಂದೆಯೇ "ಅಯ್ಯಯ್ಯೋ" ಎಂಬ ಇನ್ನೊಂದು ಉದ್ಗಾರ ಹೊರಟಿತು. ಸೊಂಟ ಹಿಡಿದುಕೊಂಡಿತ್ತು. ಮೇಲಕ್ಕೂ ಬಾರದು, ಕೆಳಕ್ಕೂ ಹೋಗದು. ನೆಲಸಂಪಿಗೆಯ ಮುಂದೆ ಗಂಗಾಧರಯ್ಯ ನಮಸ್ಕಾರದ ಭಂಗಿಯಲ್ಲಿ ಕಲ್ಲಾದರು.

"ಡಾಕ್ಟರ್! ಡಾಕ್ಟರ್ ಮೇಡಂ, ಸ್ವಲ್ಪ ನೋಡಿ!" ಎಂದು ಗೋವಿಂದಮ್ಮ ಮೈತ್ರೇಯಿಯ ಕೈ ಜಗ್ಗಿದರು.

"ಅವರೇನು ಮಾಡ್ತಾರೆ? ಅವರು ಗಿಡದ ಡಾಕ್ಟರು" ಎಂದರು ತಿರುಮಲೇಶರು.

"ಇಲ್ಲ ಸಾರ್" ಎಂದರು ಮೈತ್ರೇಯಿ, ಸಂಕೋಚದಿಂದ. "ನಾನು ಮನಸ್ಸಿನ ಡಾಕ್ಟರು."

"ಯಾರ ಮನಸ್ಸಿಗೆ?"

ಮಾಧವ ಹಲಸಿನ ಮರವನ್ನು ಮೊದಲ ಬಾರಿಗೆ ಕಂಡವನಂತೆ ನೋಡತೊಡಗಿದ. ವಾರಿಜಾ ಸೆರಗಿನ ಅಂಚು ಎಣಿಸಿದರು. ತಿರುಮಲೇಶರಿಗೆ ನಿಧಾನವಾಗಿ ಅರ್ಥವಾಯಿತು.

"ಹಾಗಾದ್ರೆ ಆ ಮಾತ್ರೆ..."

"ನೀವು ತಗೊಂಡ್ರಲ್ವಾ?"

"ನಾನ್ಯಾಕೆ ತಗೊಳ್ಳಲಿ? ಇವಕ್ಕೆ ಹಾಕ್ದೆ!"

ಮೈತ್ರೇಯಿ ಮಣ್ಣನ್ನು ನೋಡಿದರು, ಹೂಗಳನ್ನು ನೋಡಿದರು. ಆಮೇಲೆ ಎಂದೂ ಯಾವ ರೋಗಿಯ ಮುಂದೆಯೂ ನಗದಿದ್ದ ಆ ಡಾಕ್ಟರು ಕುರ್ಚಿ ಹಿಡಿದುಕೊಂಡು ನಕ್ಕರು. "ನಿಮಗೆ ಏನೂ ಆಗಿಲ್ಲ ಸಾರ್. ನಾನು ಬರೆದುಕೊಡೋಕೂ ರೆಡಿ. ಹೇಳಿದ್ದೆಲ್ಲ ಅಕ್ಷರಶಃ ನಿಜ."

"ನನ್ನನ್ನ ಎತ್ರಪ್ಪಾ!" ಎಂಬ ಕ್ಷೀಣ ಸ್ವರ ನೆಲದ ಮಟ್ಟದಿಂದ ಬಂತು.

ತಿರುಮಲೇಶರು ಗಂಗಾಧರಯ್ಯನ ಪಕ್ಕಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತರು. ಒಳ್ಳೆಯ ಮನುಷ್ಯ ನಿಜ. ಆದರೂ ಅಷ್ಟು ತಿಂಗಳ ಅಪಮಾನ ಉಂಡವರು. "ಎತ್ತೋಣ ಸಾರ್. ಎಲ್ಲ ಮನೆಯವರೂ ಇಲ್ಲೇ ಇದಾರೆ. ಮೊದಲು ಒಂದು ಸಣ್ಣ ಸಭೆ ಮಾಡಿಬಿಡೋಣ. ಹಿತ್ತಲಿಗೆ ಕಾಂಕ್ರೀಟ್ ಬೇಕೋ, ಬೇಡವೋ?"

"ಬೇಡ! ಬೇಡ!" ಎಂದರು ಗಂಗಾಧರಯ್ಯ. "ಒಪ್ಪಿಗೆ ಇರೋರು ಬೇಗ ಕೈ ಎತ್ರೋ!"

ಕೈಗಳು ಸರಸರನೆ ಎದ್ದವು. ಕಾರ್ಯದರ್ಶಿಗಳು ನಾಲ್ಕು ಕಾಲಿನಲ್ಲಿ ನಿಂತು ನಿರ್ಣಯ ಅಂಗೀಕರಿಸಿದ್ದು ಆ ಕಟ್ಟಡದ ಇತಿಹಾಸದಲ್ಲಿ ಅದೇ ಮೊದಲು. ಆಮೇಲೆ ಅವರನ್ನು ಬಗ್ಗಿದ ಹಾಗೆಯೇ ಬೆಂಚಿನ ಮೇಲೇರಿಸಿ, ಮೂಗಿನ ತುದಿಗೆ ಅಂಟಿದ ಮಣ್ಣಿನೊಂದಿಗೆ, ಮೆರವಣಿಗೆಯಲ್ಲಿ ಮೇಲಕ್ಕೆ ಒಯ್ದರು.

ಸುದ್ದಿ ಮೊಬೈಲುಗಳಲ್ಲಿ ಹಾರಿತು. ಪಕ್ಕದ ಬೀದಿಯವರು ಬಂದರು, ಗಿರಿನಗರದಿಂದ ಬಂದರು, ಜೆ.ಪಿ. ನಗರದಿಂದ ಹೇಮಶ್ರೀಯ ಗಿಡದ ಕೂಟವೇ ಬಂತು. ತಿರುಮಲೇಶರು ಶುಭ್ರವಾದ ಪಂಚೆ ಉಟ್ಟು, ಬಂದ ಪ್ರತಿಯೊಬ್ಬರಿಗೂ ನೆಲಸಂಪಿಗೆಯ ನೆರಳು, ನಿದ್ದೆ, ಏಳುವ ಕ್ರಮ ಎಲ್ಲವನ್ನೂ ಮೊದಲಿನಿಂದ ವಿವರಿಸಿದರು. ಮಧ್ಯಾಹ್ನಕ್ಕೆ ಗಂಟಲು ಒಡೆಯಿತು. ಸಂಜೆಗೆ ಸ್ವರವೇ ನಿಂತುಹೋಯಿತು.

ಸೂರ್ಯ ಮುಳುಗುವ ಹೊತ್ತಿಗೆ ಜಯನಗರದಿಂದ ಒಬ್ಬಾಕೆ ಆಟೋದಲ್ಲಿ ಬಂದಿಳಿದು, ಹೂಗಳ ಮುಂದೆ ನಿಂತು, "ಏನ್ ಸಾರ್ ಇದು? ಯಾರದು?" ಎಂದು ಕೇಳಿದರು. ತಿರುಮಲೇಶರು ಬಾಯಿ ತೆರೆದರು. ಗಾಳಿ ಮಾತ್ರ ಬಂತು.

"ನೆಲಸಂಪಿಗೆ ಕಣ್ರೀ!" ಎಂದು ಮೇಲಿನ ಬಾಲ್ಕನಿಯಿಂದ ಗೋವಿಂದಮ್ಮನ ಕಂಠ ಮೊಳಗಿತು. "ಕಾಡಿನ ಹೂವು. ಮುಟ್ಬೇಡಿ, ಬಗ್ಗಿ ನೋಡಿ, ಹುಷಾರಾಗಿ ಬಗ್ಗಿ. ಬೇರೆ ಎಲ್ಲೂ ಸಿಗಲ್ಲ. ಇದು ನಮ್ಮ ಬಿಲ್ಡಿಂಗಿಂದು!"